ಎರಡು ವರ್ಷದ ಮಗಳ ಜೊತೆ ವಂಡರ್‌ಲಾ: ಮೊದಲು ನಿದ್ದೆಯ ಟೈಮ್, ಆಮೇಲೆ ಟಿಕೆಟ್

ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋಗೋಣ ಅಂದಾಗ ನಾನು ಮೊದಲು ನೋಡಿದ್ದು ಮಗಳು ಮಧ್ಯಾಹ್ನ ಎಷ್ಟು ಗಂಟೆಗೆ ಮಲಗುತ್ತಾಳೆ ಅನ್ನುವುದನ್ನು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲು ನಿದ್ದೆಯೂ ಸೇರಿ. ನಮ್ಮವಳು ಎರಡು ದಾಟಿದ್ದರೂ ಆ ಹಗಲು ನಿದ್ದೆ ತಪ್ಪಿದರೆ ಸಂಜೆ ಮನೆ ಎದ್ದು ಬೀಳುತ್ತದೆ. ಹಾಗಾಗಿ ಇಡೀ ದಿನವನ್ನು ಆ ಎರಡು ಗಂಟೆಯ ನಿದ್ದೆಯ ಸುತ್ತ ಹೊಂದಿಸಿದೆ.

ದಿನ ಆರಿಸಿದ್ದು ಫೆಬ್ರವರಿ ಕೊನೆಯ ಒಂದು ಮಂಗಳವಾರ. ಶನಿವಾರ, ಭಾನುವಾರದ ಮಾತೇ ಬೇಡ. ನವೆಂಬರ್‌ನಿಂದ ಜನವರಿವರೆಗೆ ವಾರದ ದಿನಗಳಲ್ಲೂ ಸ್ಕೂಲ್ ಟ್ರಿಪ್ ಬಸ್ಸುಗಳು ಸಾಲಾಗಿ ಬರುತ್ತವೆ, ಚಳಿ ಬೇರೆ. ಏಪ್ರಿಲ್, ಮೇ ಬಂದರೆ ಬೇಸಿಗೆ ರಜೆ. ಫೆಬ್ರವರಿ ಕೊನೆಗೆ ಬಿಸಿಲು ಏರಿರುತ್ತದೆ, ದೊಡ್ಡ ಮಕ್ಕಳು ಪರೀಕ್ಷೆ ಓದಿನಲ್ಲಿರುತ್ತಾರೆ.

ಟಿಕೆಟ್ ತೆಗೆಯುವ ಮೊದಲು ಮಗಳನ್ನು ಬಾಗಿಲಿಗೆ ಒರಗಿಸಿ ಟೇಪ್ ಹಿಡಿದೆ. ಅಲ್ಲಿ ಲೆಕ್ಕ ವಯಸ್ಸಿನದ್ದಲ್ಲ, ಎತ್ತರದ್ದು. ನಾವು ಹೋದಾಗ 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇರಲಿಲ್ಲ. ಎರಡು ವರ್ಷದ ಮಕ್ಕಳ ಸರಾಸರಿ ಎತ್ತರ 86-87 ಸೆಂ.ಮೀ. ಆಸುಪಾಸು. ಅಂದರೆ ಈ ವಯಸ್ಸಿನವರು ಸರಿಯಾಗಿ ಆ ಗೆರೆ ಮೇಲೇ ನಿಂತಿರುತ್ತಾರೆ! ಆಟಗಳ ಮುಂದೆಯೂ ಎತ್ತರದ ಬೋರ್ಡ್ ಇರುತ್ತದೆ. ಮಗುವಿಗೆ ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನುವ ಬದಲು, ಬೋರ್ಡ್ ಓದಿದ ಮೇಲೇ ಆ ಕಡೆ ಕರೆದುಕೊಂಡು ಹೋದೆವು.

ಜೊತೆಗೆ ನಮ್ಮತ್ತೆಯೂ ಬಂದರು. ಸಣ್ಣ ಮಗು ಇದ್ದರೆ ಮೂರನೆಯ ದೊಡ್ಡವರು ಒಬ್ಬರು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಅವರಿಗೆ ನೀರಿಗಿಳಿಯುವ ಆಸೆ ಇರಲಿಲ್ಲ, ಸೀರೆಯಲ್ಲಿ ಬಿಡುವುದೂ ಇಲ್ಲ. ನೀರಿನ ಆಟಕ್ಕೆ ನೈಲಾನ್, ಪಾಲಿಯೆಸ್ಟರ್ ತರಹದ ಬಟ್ಟೆಯೇ ಆಗಬೇಕು, ಹತ್ತಿ ನಡೆಯಲ್ಲ. ಇದನ್ನು ಮನೆಯಲ್ಲೇ ಜೋಡಿಸಿಕೊಂಡರೆ ಅಲ್ಲಿ ಸುಮ್ನೆ ದುಡ್ಡು ಕೊಟ್ಟು ಕೊಳ್ಳುವುದು ತಪ್ಪುತ್ತದೆ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಮಗುವಿನ ಊಟಕ್ಕೆ ಮಾತ್ರ ವಿನಾಯಿತಿ. ಕಿವುಚಿದ ಮೊಸರನ್ನ, ಬಾಳೆಹಣ್ಣು ಹಿಡಿದುಕೊಂಡಿದ್ದೆ.

ಗೇಟ್ ತೆಗೆಯುವ ಹೊತ್ತಿಗೆ, ಅಂದರೆ 11ಕ್ಕೆ, ಒಳಗೆ ಹೋದೆವು. ನೀರಿನ ಆಟಗಳು ಶುರುವಾಗುವುದು ಮಧ್ಯಾಹ್ನದ ಹೊತ್ತಿಗೆ. ಹಾಗಾಗಿ ಮೊದಲು ಕುದುರೆ ಗಿರಿಗಿಟ್ಲೆ, ಮಕ್ಕಳ ಸಣ್ಣ ಆಟಗಳು. ಇಷ್ಟವಾದದ್ದನ್ನೇ ಮತ್ತೆ ಮತ್ತೆ ಆಡಿಸಿದೆವು. ದುಡ್ಡು ಕೊಟ್ಟಿದ್ದೇವೆ, ಎಲ್ಲವನ್ನೂ ನೋಡಿ ಮುಗಿಸಬೇಕು ಅನ್ನುವ ಹಟ ದೊಡ್ಡವರದ್ದು. ಅವಳಿಗೆ ಅದೇ ಕುದುರೆ ಸಾಕು.

ಹನ್ನೆರಡೂವರೆಗೆ ಮೊಸರನ್ನ, ಆಮೇಲೆ ಸ್ಟ್ರಾಲರ್‌ನಲ್ಲಿ ನಿದ್ದೆ. ಗದ್ದಲದಿಂದ ದೂರ, ಮರದ ನೆರಳಲ್ಲಿ ಅತ್ತೆ ಪಕ್ಕದಲ್ಲೇ ಕೂತರು. ನನ್ನವರು ರೀಕಾಯಿಲ್ ರೋಲರ್ ಕೋಸ್ಟರ್‌ಗೆ ಓಡಿದರು. ಅದು ತಲೆಕೆಳಗಾಗಿ ಸುತ್ತಿ, ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಇಳಿದ ಮೇಲೆ ಸ್ವಲ್ಪ ಹೊತ್ತು ಅವರದ್ದು ಮಾತೇ ಇಲ್ಲ.

ಮಗಳು ಎದ್ದಾಗ ಎರಡೂವರೆ. ಅಷ್ಟರಲ್ಲಿ ಬಿಸಿಲಿಗೆ ನೀರಿನ ಚಳಿ ಕಡಿಮೆಯಾಗಿತ್ತು. ನಿದ್ದೆಯ ಮೇಲೇ ನೀರು ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಮಾಮೂಲಿ ಡೈಪರ್ ನೀರು ಕುಡಿದು ಊದಿ, ತೂಗಿ ಬೀಳುತ್ತದೆ. ಅದಕ್ಕೇ ಸ್ವಿಮ್ ಡೈಪರ್ ತಂದಿದ್ದೆ. ಆದರೆ ಅದು ಮೂತ್ರ ತಡೆಯುವುದಿಲ್ಲ, ಗಟ್ಟಿಯಾದದ್ದನ್ನು ಮಾತ್ರ. ಆದ್ದರಿಂದ ನೀರಿಗೆ ಇಳಿಯುವ ಕ್ಷಣದಲ್ಲಷ್ಟೇ ಹಾಕಬೇಕು.

ವೇವ್ ಪೂಲ್ ಬಿಟ್ಟೆವು. ಅಂಚಿನ ಸಣ್ಣ ಅಲೆ ಕೂಡ ಎರಡು ವರ್ಷದ ಮಗುವಿನ ಕಾಲನ್ನು ಎಳೆದುಬಿಡುತ್ತದೆ. ಕೃತಕ ಮಳೆಯಲ್ಲಿ ಹಾಡಿಗೆ ಕುಣಿಯುವ ರೇನ್ ಡಿಸ್ಕೋನೂ ಬೇಡ ಅಂದೆ, ಶಬ್ದ ಜಾಸ್ತಿ. ಮಕ್ಕಳ ಪೂಲ್ ಒಂದೇ, ನಾನು ಕೈಗೆ ಸಿಗುವಷ್ಟು ಹತ್ತಿರ. ಫೋನ್ ಲಾಕರ್‌ನಲ್ಲಿ. ಮುಳುಗುವ ಮಕ್ಕಳು ಕಿರುಚಿ ಕರೆಯುವುದಿಲ್ಲ, ಸದ್ದಿಲ್ಲದೇ ಮುಳುಗುತ್ತಾರೆ. ಆಟ ಆಡಿಸುವವರೊಬ್ಬರು, ನೋಡುವವರೊಬ್ಬರು ಅಂತ ಹಂಚಿಕೊಂಡಿದ್ದೆವು. ತುಟಿ ನಡುಗಲು ಶುರುವಾದ ತಕ್ಷಣ ಎತ್ತಿ ಟವೆಲ್ ಸುತ್ತಿದೆ. ಅತ್ತಳು, ಅಳಲಿ ಬಿಡಿ.

ನಾಲ್ಕಕ್ಕೆ ಹೊರಟೆವು. ಪೂಲ್ ಮುಚ್ಚುವ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಒದ್ದೆ ಮಗುವನ್ನು ಹಿಡಿದು ಅಲ್ಲಿ ಕಾಯಲು ಆಗಲ್ಲ. ಜೊತೆಗೆ ಐದರ ಮೇಲೆ ಕೆಂಗೇರಿ ಕಡೆಯ ಟ್ರಾಫಿಕ್ ಗೊತ್ತಲ್ವಾ? ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಮಗಳು ಬೆಣ್ಣೆಯನ್ನಷ್ಟೇ ನೆಕ್ಕಿ ಇಡ್ಲಿಯನ್ನು ಅಜ್ಜಿ ತಟ್ಟೆಗೆ ಹಾಕಿದಳು.