ಜಾಲರಿ ತಿರುಗಿಸಿದ ಮೇಲೆ ರ್‍ಯಾಂಪ್ ಗೆದ್ದಿತು

ಬೀರೂರು–ಶಿವಮೊಗ್ಗ ಲೈನಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಎರಡು ಕೆಲಸ ಒಟ್ಟಿಗೆ ಹಿಡಿದಿದ್ದೆ. ಒಂದು, ಮುಂಬಾಗಿಲಿಗೆ ಗಾಲಿಕುರ್ಚಿ ಹತ್ತುವ ರ್‍ಯಾಂಪ್. ಇನ್ನೊಂದು, ಪ್ಲಾಟ್‌ಫಾರ್ಮ್ ಚಾವಣಿ ಶೀಟಿನ ಮಳೆನೀರನ್ನು ಅಂಗಳದಾಚೆಯ ಹಳೇ ಬಾವಿಗೆ ಇಳಿಸುವುದು. ಕಲ್ಲಿದ್ದಲು ಎಂಜಿನ್ ಕಾಲದ ಬಾವಿ, ಕಸ ತುಂಬಿ ಹಾಳುಬಿದ್ದಿತ್ತು. "ನೀರು ರ್‍ಯಾಂಪಿನ ಬುಡ ತಿನ್ನುತ್ತೆ ಸಾರ್, ಬೇಡ" ಅಂದರು ಮೇಸ್ತ್ರಿ. ಬಿಲ್ ಪಾಸ್ ಮಾಡುವವರೂ ಅದನ್ನೇ ಅಂದರು. ಮೂರು ಮಳೆಗಾಲ ಆಯ್ತು, ಬುಡದಲ್ಲಿ ಒಂದು ಬಿರುಕಿಲ್ಲ.

ಆದರೆ ಮೊದಲ ರ್‍ಯಾಂಪ್ ಪೂರ್ತಿ ನನ್ನದೇ ತಪ್ಪು. ಏರಬೇಕಾದ್ದು ಎರಡಡಿ. ಜಾಗ ಇಲ್ಲ ಅಂತ ಹದಿನಾರು ಅಡಿಯಲ್ಲಿ ಮುಗಿಸಿದೆ, ಅಂದರೆ 1:8, ಒಂದಡಿ ಏರೋಕೆ ಎಂಟಡಿ ಉದ್ದ. ನೋಡೋಕೆ ಚೆನ್ನಾಗಿಯೇ ಇತ್ತು. ಊರಿನ ಒಬ್ಬ ಅಕ್ಕ ಗಾಲಿಕುರ್ಚಿಯಲ್ಲಿ ಬಂದು ಹತ್ತಿ ನೋಡಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಕೈ ನಡುಗಿತು, ಕುರ್ಚಿ ಹಿಂದಕ್ಕೆ ಜಾರಿತು. ಓಡಿ ಹಿಡಿದೆ. ಮಾರನೇ ದಿನವೇ ಒಡೆಸಿದೆ. ಹತ್ತಿರ ಹತ್ತಿರ ನಲವತ್ತು ಸಾವಿರ ಹೋಯ್ತು. ಆಮೇಲೆ 1:12ಕ್ಕೇ ಬಂದೆ. ಇಪ್ಪತ್ನಾಲ್ಕು ಅಡಿಯನ್ನು ಗೋಡೆ ಪಕ್ಕ ಮಡಿಚಿ, ತಿರುವಿನಲ್ಲಿ ಐದಡಿ ಸಮತಟ್ಟು ಬಿಟ್ಟೆ.

ಅಲ್ಲಿಗೂ ಮುಗಿಯಲಿಲ್ಲ. ರ್‍ಯಾಂಪ್ ಶುರುವಾಗುವಲ್ಲೇ ಮಳೆನೀರಿನ ಚರಂಡಿ ಅಡ್ಡ ಹೋಗುತ್ತೆ. ಮೇಲೆ ಕಬ್ಬಿಣದ ಜಾಲರಿ. ವೆಲ್ಡಿಂಗ್‌ನವನು ಎಲ್ಲರೂ ಮಾಡುವಂತೆ ಪಟ್ಟಿಗಳನ್ನು ಚರಂಡಿಯ ಈ ಅಂಚಿನಿಂದ ಆ ಅಂಚಿಗೆ ಇಟ್ಟಿದ್ದ. ಅಕ್ಕ ಬಂದ ಕೂಡಲೇ ಕುರ್ಚಿಯ ಮುಂದಿನ ಸಣ್ಣ ಗಾಲಿ ಸಂದಿಗೆ ಇಳಿದು ಸಿಕ್ಕಿಕೊಂಡಿತು. ಪಟ್ಟಿಯೂ ಗಾಲಿಯೂ ಒಂದೇ ದಿಕ್ಕು, ಬೀಳದೆ ಇನ್ನೇನು? ಪಟ್ಟಿಗಳನ್ನು ಚರಂಡಿಯ ಉದ್ದಕ್ಕೆ ತಿರುಗಿಸಿ, ಸಂದಿ ಅರ್ಧ ಇಂಚಿಗಿಂತ ಕಡಿಮೆ ಮಾಡಿ ಅಂದೆ. "ಭಾರ ತಡೆಯಲ್ಲ" ಅಂದ. ಅಡಿಗೊಂದರಂತೆ ಕೆಳಗೆ ಅಡ್ಡಪಟ್ಟಿ ಕೊಡಿಸಿದೆ. ಈಗ ಪಾರ್ಸಲ್ ಗಾಡಿಯೇ ಅದರ ಮೇಲೆ ಹೋಗುತ್ತೆ. ಜಾಲರಿ ಕಳ್ಳತನವಾಗದ ಹಾಗೆ ಕೂರಿಸಿದ ಉಪಾಯ ಮಾತ್ರ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ನೀರಿನ ಲೆಕ್ಕ ಹೇಳ್ತೀನಿ. ಶೀಟು ಸುಮಾರು 200 ಅಡಿ ಉದ್ದ, 20 ಅಡಿ ಅಗಲ. 20 ಮಿಲಿಮೀಟರ್ ಮಳೆಗೆ ಆರು ಸಾವಿರ ಲೀಟರ್ ಕೈಗೆ ಸಿಗುತ್ತೆ. ಮೊದಲ ಮಳೆಯನ್ನು ಹೊರಗೆ ಬಿಡಲೇಬೇಕು, ಪಾರಿವಾಳದ ಹಿಕ್ಕೆ ಅಷ್ಟಿರುತ್ತೆ. ಸೋಸೋಕೆ ತೆಂಗಿನ ನಾರು ಹಾಕಿ ನೋಡಿದೆ. ಒಂದೇ ಮಳೆಗಾಲಕ್ಕೆ ಕೊಳೆತು ನಾರಿತು. ಜಲ್ಲಿ, ಮರಳು, ಇದ್ದಿಲಿಗೆ ವಾಪಸ್ ಬಂದೆ. ಮೊದಲು ಬೇಸಿಗೆಯಲ್ಲಿ ವಾರಕ್ಕೊಂದು ಟ್ಯಾಂಕರ್ ತರಿಸುತ್ತಿದ್ದರು. ಕಳೆದ ಬೇಸಿಗೆ ಪೂರ್ತಿಗೆ ಎರಡೇ ಬಂದದ್ದು. ತೊಳೆಯೋಕೆ, ಗಿಡಕ್ಕೆ ಬಾವಿ ನೀರೇ ಸಾಕಾಯ್ತು.

ಈ ಕೆಲಸದ ನಡುವೆ ಕಣ್ಣು ಕಾಣದವರಿಗೆ ಕಾಲಿಗೆ ತಾಗುವ ಉಬ್ಬು ಚುಕ್ಕಿ ಟೈಲ್ಸ್ ಕೂಡ ಹಾಕಿದೆ. ಹಳೇ ಕಲ್ಲಿನ ಮೇಲೆ ಅಂಟಿಸಿದ್ದು ಎರಡು ತಿಂಗಳಲ್ಲಿ ಎದ್ದಿತು. ಕಲ್ಲು ಕೊರೆದು ಕೂರಿಸಿದ ಮೇಲೆ ನಿಂತಿದೆ.

ಎಲ್ಲ ಸೇರಿ ಮೂರೂವರೆ ಲಕ್ಷದ ಆಚೀಚೆ ಆಯ್ತು. ಒಡೆಸಿದ್ದು ಬಿಲ್ಲಿಗೆ ಬರಲಿಲ್ಲ, ಉಳಿದದ್ದು ಕಮ್ಮಿ. ಹೋದ ತಿಂಗಳು ಅಕ್ಕ ಒಬ್ಬರೇ ಹತ್ತಿ ಬಂದರು, ಶಿವಮೊಗ್ಗ ಆಸ್ಪತ್ರೆಗೆ ಹೋಗಬೇಕಿತ್ತು. ಪ್ಲಾಟ್‌ಫಾರ್ಮ್ ಅಲ್ಲಿ ತಗ್ಗು. ರೈಲು ಬಂದಾಗ ಇಬ್ಬರು ಕುರ್ಚಿ ಸಮೇತ ಎತ್ತಿ ಬೋಗಿಗೆ ಹಾಕಿದರು. ಬಾಗಿಲಿನಿಂದ ತಿರುಗಿ, "ಇಷ್ಟು ಮಾಡಿದ್ರಿ, ಇದಕ್ಕೂ ಏನಾದ್ರೂ ನೋಡಿ" ಅಂದರು. ಮಡಿಚುವ ಅಲ್ಯೂಮಿನಿಯಂ ಹಲಗೆಯೊಂದನ್ನು ಅಳತೆ ಹಾಕಿ ಕೊಟ್ಟಿದ್ದೀನಿ.