ಒಂದೇ ಗಿಡದ ಬೀಜ, 60 ಬಗೆಯ ಗಿಡ

ಕೊಡಗಿನ ಅಮ್ಮತ್ತಿ ಹತ್ತಿರ ನಮ್ಮ ತೋಟದಲ್ಲಿ, ಕೆರೆ ಏರಿ ಪಕ್ಕ ಒಂದು ಹಳೇ ರೊಬಸ್ಟಾ ಕಾಫಿ ಗಿಡವಿದೆ. ಸುತ್ತಲಿನವು ಸೊರಗಿದ ವರ್ಷವೂ ಅದರ ಗೆಣ್ಣುಗೆಣ್ಣಿಗೂ ಕಾಯಿ. ಅಂಥದ್ದೇ ಇನ್ನಷ್ಟು ಬೇಕು ಅಂತ ಅದರ ಹಣ್ಣನ್ನೇ ಆರಿಸಿ 60 ಸಸಿ ಎಬ್ಬಿಸಿದೆ. ನಾಲ್ಕನೇ ವರ್ಷದ ಫಸಲು ನೋಡಿ ಹೊಟ್ಟೆ ಉರಿಯಿತು. ಒಂದರ ಕಾಯಿ ದಪ್ಪ, ಇನ್ನೊಂದರದ್ದು ಸಣ್ಣ, ಕೆಲವು ಬರೀ ಎಲೆ. ತಾಯಿಯಂಥದ್ದು ಒಂದೂ ಇರಲಿಲ್ಲ.

ಬೀಜ ಬೆರಕೆಯಾಗಿರಬೇಕು ಅಂದುಕೊಂಡೆ. ಮಗಳ ಪಿಯುಸಿ ಪುಸ್ತಕದಲ್ಲಿ ಮಿಯಾಸಿಸ್, ಅಂದರೆ ಪರಾಗ, ಅಂಡ ತಯಾರಾಗುವಾಗ ಕೋಶ ಒಡೆಯುವ ಬಗೆಯ ಪಾಠ ಓದಿದ ಮೇಲೆ ನಿಜವಾದ ಕಾರಣ ಗೊತ್ತಾಯಿತು.

ರೊಬಸ್ಟಾದ ಜೀವಕೋಶದಲ್ಲಿ ಗುಣಗಳನ್ನು ಹೊತ್ತ ಎಳೆಗಳು, ಅಂದರೆ ವರ್ಣತಂತು (ಕ್ರೋಮೋಸೋಮ್), 22; ಅಂದರೆ 11 ಜೋಡಿ. ಜೋಡಿಯಲ್ಲಿ ಒಂದು ತಾಯಿ ಕಡೆಯದು, ಒಂದು ತಂದೆ ಕಡೆಯದು. ಮೊಗ್ಗಿನೊಳಗೆ ಪರಾಗ, ಅಂಡ ತಯಾರಾಗುವಾಗ ಇದು 11ಕ್ಕೆ ಇಳಿಯಬೇಕು. ಇಲ್ಲದಿದ್ದರೆ ತಲೆಮಾರಿಗೊಮ್ಮೆ ಎರಡು ಪಟ್ಟಾಗುತ್ತಿತ್ತು, ಅಲ್ವಾ? ಮೊದಲು ಪ್ರತಿ ವರ್ಣತಂತುವೂ ತನ್ನ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಜೋಡಿಗಳು ಮೈಗೆ ಮೈ ತಾಗಿಸಿ ನಿಂತು ಅಲ್ಲಲ್ಲಿ ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ನಂತರ ಜೋಡಿ ಬಿಡುತ್ತದೆ. ಯಾವುದು ಯಾವ ಕಡೆ ಹೋಗುತ್ತದೆ ಅನ್ನುವುದಕ್ಕೆ ನಿಯಮವಿಲ್ಲ. ಎರಡನೇ ಸಲ ನಕಲುಗಳೂ ಬೇರೆಯಾಗಿ, ಒಂದು ಕೋಶದಿಂದ ನಾಲ್ಕು ಪರಾಗ. 11 ಜೋಡಿ ಬಿಡುವ ಬಗೆಗಳೇ 2048! ತುಂಡು ಬದಲಾದದ್ದು ಅದರ ಮೇಲೆ.

ಸಾಲದ್ದಕ್ಕೆ ರೊಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾದಾಗ ಗಾಳಿ, ಜೇನು ಯಾವ ಗಿಡದ್ದು ತಂದವೋ. ಇನ್ನೊಂದು ಬಗೆಯ ಕಾಫಿ, ಅರೇಬಿಕಾ, ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಅಪ್ಪ ಅರೇಬಿಕಾ ಬೀಜ ಹಾಕಿ ಇಷ್ಟು ಪಾಡು ಪಟ್ಟಿರಲಿಲ್ಲ.

ಹಾಗಾಗಿ ಮಿಯಾಸಿಸ್ ನಡುವೆ ಬಾರದ ದಾರಿ ಹಿಡಿದೆ, ಕಸಿ. ಚಿಗುರು ಬೆಳೆಯುವಾಗ ಕೋಶಗಳು 22ನ್ನೂ ಹಾಗೇ ಉಳಿಸಿಕೊಂಡು ಎರಡಾಗುತ್ತವೆ. ಬೀಜದಿಂದ ಎಬ್ಬಿಸಿದ ಆ ಗಿಡಗಳನ್ನು ಬುಡದ ಹತ್ತಿರ ಕತ್ತರಿಸಿದೆ. ಮಳೆಗಾಲದಲ್ಲಿ ಅವುಗಳ ಹೊಸ ಚಿಗುರು ಸೀಳಿ, ತಾಯಿ ಗಿಡದ ಚಿಗುರನ್ನು ಬೆಣೆಯಂತೆ ಕೆತ್ತಿ ಕೂರಿಸಿದೆ. ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡಬೇಕು. ಎಲೆ ಅರ್ಧ ಕತ್ತರಿಸಿ, ಪಟ್ಟಿ ಬಿಗಿದು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿದೆ. ನೆಟ್ಟಗೆ ಏಳುವ ಚಿಗುರನ್ನೇ ಕೊಯ್ಯಬೇಕು. ಅಡ್ಡ ರೆಕ್ಕೆಯದ್ದು, ಅಂದರೆ ಪಕ್ಕದ ಕೊಂಬೆಯದ್ದು ಹಾಕಿದರೆ ಗಿಡ ಮೇಲೇಳದೆ ಅಡ್ಡಡ್ಡ ಹರಡುತ್ತದೆ.

ಆ 60ರಲ್ಲಿ ಒಂದನ್ನು ಮಾತ್ರ ಕತ್ತರಿಸಲಿಲ್ಲ. ಅದರ ಕಾಯಿ ತಾಯಿಯದಕ್ಕಿಂತ ದಪ್ಪ. ಈ ಮಳೆಗಾಲ ಅದರ ಚಿಗುರೂ ಕೊಯ್ಯುತ್ತೇನೆ.