ಮಗಳ ಶುಗರ್ ಲೆಕ್ಕ ಮಗಳ ಕೈಗೆ ಕೊಟ್ಟದ್ದು

ಮಗಳ ಶುಗರ್ ಬರೆಯುವ ನೋಟ್‌ಬುಕ್‌ನಲ್ಲಿ ಹದಿನೈದು ದಿನದ ಅಂಕಿಗಳೆಲ್ಲ ಒಂದೇ ನೀಲಿ ಪೆನ್ನಿನಲ್ಲಿದ್ದವು. 112, 124, 118, 131. ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದನ್ನು ನೋಡಿ ನನಗೆ ಹೆಮ್ಮೆಯಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಮಾತ್ರ ಆ ಪುಟವನ್ನೂ ಲ್ಯಾಬ್ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಎಚ್‌ಬಿಎ1ಸಿ 9.8 ಬಂದಿತ್ತು. ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. 9.8 ಅಂದರೆ ಸಕ್ಕರೆ ಸರಾಸರಿ 235ರ ಆಸುಪಾಸು ಇತ್ತು ಅಂತ ಅರ್ಥ. ಪುಸ್ತಕದಲ್ಲಿ 135 ದಾಟಿದ್ದು ಒಂದೂ ಇರಲಿಲ್ಲ.

ಡಾಕ್ಟರು ಬೈಯಲಿಲ್ಲ. "ಅಕ್ಕಾರ, ನೀವೊಂದು ಹತ್ತು ನಿಮಿಷ ಹೊರಗ ಕೂಡ್ರಿ" ಅಂದರು. ಆ ಹತ್ತು ನಿಮಿಷ ನಾನು ಬಾಗಿಲನ್ನೇ ನೋಡುತ್ತ ಕೂತಿದ್ದೆ. ಮಗಳು ಸುಳ್ಳು ಬರೆದಳು ಅನ್ನುವ ಸಿಟ್ಟಿಗಿಂತ, ಇಷ್ಟು ದಿನ ಒಳಗೆ ಏನೇನು ಹಾಳಾಗಿರಬಹುದೋ ಅನ್ನುವ ಭಯವೇ ಜಾಸ್ತಿ ಇತ್ತು.

ನಾವು ಗದಗಿನವರು. ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯವರದು ಬೆಟಗೇರಿಯಲ್ಲಿ ಕಿರಾಣಿ ಅಂಗಡಿ. ಮಗಳಿಗೆ ಒಂಬತ್ತು ವರ್ಷ ಇದ್ದಾಗ ಟೈಪ್ 1 ಡಯಾಬಿಟಿಸ್ ಗೊತ್ತಾಯಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ತಿಂದರೂ ಇಳಿಯುವ ತೂಕ. ನಾವು ಜಂತುಹುಳ ಇರಬೇಕು ಅಂದುಕೊಂಡಿದ್ದೆವು. ವಾಂತಿ ಶುರುವಾಗಿ, ಉಸಿರು ಜೋರಾಗಿ ಎಳೆಯತೊಡಗಿದ ಮೇಲೆ ಹುಬ್ಬಳ್ಳಿಗೆ ಓಡಿದೆವು. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುವ ಕಾಯಿಲೆ ಇದು. ಸಿಹಿ ತಿಂದದ್ದರಿಂದ ಬರುವುದಲ್ಲ. ಗುಳಿಗೆಯಿಂದ ನಡೆಯುವುದೂ ಇಲ್ಲ. ದಿನಾ ಇನ್ಸುಲಿನ್ ಬೇಕೇ ಬೇಕು.

ನಾಲ್ಕು ವರ್ಷ ಎಲ್ಲವನ್ನೂ ನಾನೇ ಮಾಡಿದೆ. ಬೆರಳು ಚುಚ್ಚುವುದು, ಬರೆಯುವುದು, ಲೆಕ್ಕ ಹಾಕುವುದು, ಸೂಜಿ ಮಾಡುವುದು. ಅವಳು ಬರೀ ಕೈ ಚಾಚುತ್ತಿದ್ದಳು. ಎಂಟನೇ ತರಗತಿಗೆ ಹೋದ ವರ್ಷ ನನಗೆ ಬೇರೆ ಊರಿನ ಶಾಲೆಗೆ ವರ್ಗ ಆಯಿತು. ಬೆಳಿಗ್ಗೆ ಏಳೂವರೆಗೆ ಬಸ್ಸು. ಆಗ ಅವಳಿಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ದೊಡ್ಡಾಕಿ ಆದಿ. ಇನ್ನ ನಿಂದು ನೀನ ನೋಡ್ಕೊ." ಒಂದೇ ದಿನದಲ್ಲಿ ಎಲ್ಲವನ್ನೂ ಅವಳ ಕೈಗೆ ಹಾಕಿಬಿಟ್ಟೆ. ಕೂಡಿಸುವುದು ಕಳೆಯುವುದು ಕಲಿಸದೆ ಯಾವ ಮಗುವಿಗಾದರೂ ನಾನು ಭಾಗಾಕಾರ ಕೊಟ್ಟಿದ್ದೇನಾ? ನನ್ನ ಮಗಳಿಗೆ ಕೊಟ್ಟಿದ್ದೆ.

ಡಾಕ್ಟರ ಹತ್ತಿರದಿಂದ ವಾಪಸ್ ಬರುವಾಗ ರೈಲಿನಲ್ಲಿ ಅಣ್ಣಿಗೇರಿ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಕಿಟಕಿ ಕಡೆ ನೋಡುತ್ತ ಹೇಳಿದಳು. "ಅವ್ವಾ, ನೀ ಸಾಲಿಂದ ಬಂದಕೂಡ್ಲೆ 'ಎಷ್ಟೈತಿ' ಅಂತೀ. ನಾ 260 ಅಂದ್ರ ನಿನ್ನ ಮಾರಿ ಒಂಥರಾ ಆಗ್ತದ. ಊಟದಾಗ ಮಾತಾಡೂದಿಲ್ಲ. ಅದಕ್ಕ ನಿನಗ ಬೇಕಾದ ನಂಬರ್ ಬರದೆ."

ನಾನು ಅವಳನ್ನು ಹೊಡೆದವಳಲ್ಲ, ಬೈದದ್ದೂ ಕಡಿಮೆ. ನನ್ನ ಮುಖವೇ ಬೈಗುಳ ಆಗಿತ್ತು ಅಂತ ಅವತ್ತು ಗೊತ್ತಾಯಿತು.

ಮೊದಲು ಬದಲಾಯಿಸಿದ್ದು ಆ ಒಂದು ಪ್ರಶ್ನೆ. ಮನೆಗೆ ಬಂದ ಕೂಡಲೇ "ಎಷ್ಟೈತಿ" ಅನ್ನುವುದನ್ನು ಬಿಟ್ಟೆ. ಚಹಾ ಆಗಬೇಕು, ಶಾಲೆಯ ಸುದ್ದಿ ಆಗಬೇಕು, ಅಂಕಿ ಆಮೇಲೆ. ಒಳ್ಳೆ ಶುಗರ್, ಕೆಟ್ಟ ಶುಗರ್ ಅನ್ನುವ ಮಾತನ್ನೂ ಮನೆಯಿಂದ ತೆಗೆದೆವು. ಜಾಸ್ತಿ, ಕಡಿಮೆ, ಅಷ್ಟೇ. ಅಂಕಿ ಜಾಸ್ತಿ ಬಂದರೆ ಕೇಳುವುದು ಒಂದೇ: "ಈಗ ಏನ್ ಮಾಡೂಣು?" ಮುಖ ಸಡಿಲ ಬಿಡುವುದನ್ನು ನಾನು ನಿಜಕ್ಕೂ ಅಭ್ಯಾಸ ಮಾಡಬೇಕಾಯಿತು. ಎರಡು ತಿಂಗಳು ಹಿಡಿಯಿತು.

ಎರಡನೆಯದು, ಕೊಟ್ಟದ್ದನ್ನೆಲ್ಲ ವಾಪಸ್ ತೆಗೆದುಕೊಂಡು ಒಂದೊಂದಾಗಿ ಮತ್ತೆ ಕೊಟ್ಟದ್ದು. ಇದಕ್ಕೆ ಅವಳು ಅತ್ತಳು, ಶಿಕ್ಷೆ ಅಂದುಕೊಂಡಳು. ಶಿಕ್ಷೆ ಅಲ್ಲ, ನಾನು ಅವಸರ ಮಾಡಿದ್ದೆ ಅಂತ ಹೇಳಿ ಒಪ್ಪಿಸಿದೆ. ಮೊದಲ ತಿಂಗಳು ಚುಚ್ಚುವುದು ಅವಳು, ಬರೆಯುವುದು ನಾನು. ಆಮೇಲೆ ಬರೆಯುವುದೂ ಅವಳೇ, ಆದರೆ ಎಷ್ಟು ಯೂನಿಟ್ ಅಂತ ಜೋರಾಗಿ ಹೇಳಿ ನನ್ನಿಂದ ಹೂಂ ಅನ್ನಿಸಿಕೊಂಡು ಇನ್ಸುಲಿನ್ ಪೆನ್ ತಿರುಗಿಸಬೇಕು. ಮೂರು ತಿಂಗಳ ಮೇಲೆ ಆ ಹೂಂ ಬೇಕಾಗಲಿಲ್ಲ. ರಾತ್ರಿ ಒಂಬತ್ತರ ಇನ್ಸುಲಿನ್, ಅಂದರೆ ಇಡೀ ದಿನ ಕೆಲಸ ಮಾಡುವುದು, ಅದನ್ನು ಮಾಡಿಕೊಳ್ಳುವಾಗ ನಾನು ಇವತ್ತಿಗೂ ಪಕ್ಕದಲ್ಲಿ ಇರುತ್ತೇನೆ. ಮಾತಾಡುವುದಿಲ್ಲ, ಸುಮ್ನೆ ಇರುತ್ತೇನೆ. ಹಾಗೆ ನೋಡುವಾಗಲೇ ಅವಳು ದಿನಾ ಹೊಟ್ಟೆಯ ಬಲಗಡೆ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಿದ್ದದ್ದು ಕಂಡಿತು. ಅಲ್ಲಿ ನೋವು ಕಡಿಮೆ ಅಂತೆ. ಆ ಜಾಗ ಗಂಟು ಕಟ್ಟಿತ್ತು. ಗಂಟಿನೊಳಗೆ ಹೋದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಈಗ ಹೊಟ್ಟೆ, ತೊಡೆ ಅಂತ ಜಾಗ ಬದಲಿಸುತ್ತಾಳೆ.

ಪುಸ್ತಕವನ್ನೂ ಬದಲಿಸಿದೆವು. ಮೊದಲು ತಾರೀಕು, ಹೊತ್ತು, ಅಂಕಿ ಅಷ್ಟೇ ಇತ್ತು. ಈಗ ಪಕ್ಕದಲ್ಲಿ "ಏನಾಗಿತ್ತು" ಅಂತ ಒಂದು ಸಾಲು ಇದೆ. ಅಲ್ಲಿ ಏನು ಬೇಕಾದರೂ ಬರೆಯಬಹುದು. ಗಣಿತ ಟೆಸ್ಟ್. ಗೆಳತಿ ಜೊತೆ ಜಗಳ. ಮಿರ್ಚಿ ಎರಡು. ರವಿವಾರ ಸಂಜೆ ಇಪ್ಪತ್ತು ನಿಮಿಷ ಪುಸ್ತಕ ಮತ್ತು ಶುಗರ್ ನೋಡುವ ಮಷಿನ್ ಎರಡನ್ನೂ ಇಟ್ಟುಕೊಂಡು ಕೂರುತ್ತೇವೆ. ಮಷಿನ್ ಅಂಕಿಗಳನ್ನು ನೆನಪಿಟ್ಟುಕೊಂಡಿರುತ್ತದೆ ಅಂತ ಇಬ್ಬರಿಗೂ ಗೊತ್ತು. ಆದರೆ ಹಿಡಿಯುವುದಕ್ಕೆ ಕೂರುವುದಲ್ಲ. ಅವಳೇ ಓದುತ್ತಾಳೆ, ನಾನು ಕೇಳುತ್ತೇನೆ. ಬಿಟ್ಟುಹೋದ ಹೊತ್ತು ಇದ್ದರೆ ಖಾಲಿ ಬಿಡಬೇಕು, ತುಂಬಿಸಬಾರದು. ಖಾಲಿಗೆ ಬೈಗುಳ ಇಲ್ಲ ಅಂತ ಮಾತು ಕೊಟ್ಟಿದ್ದೇನೆ.

ಐದಾರು ತಿಂಗಳಾದ ಮೇಲೆ ಒಂದು ರವಿವಾರ ಅವಳು ಹಿಂದಿನ ಪುಟಗಳನ್ನು ತಿರುವುತ್ತ, "ಅವ್ವಾ, ಇಲ್ನೋಡ" ಅಂದಳು. ಮೂರು ತಿಂಗಳ ಪುಟಗಳಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ್ದಳು. ಮುಟ್ಟಾಗುವ ಮೂರ್ನಾಲ್ಕು ದಿನ ಮೊದಲು ಬೆಳಗಿನ ಅಂಕಿ ಪ್ರತಿ ಸಲ ಏರಿತ್ತು. 190, 210, 205. ಶುರುವಾದ ಮೇಲೆ ಮತ್ತೆ ಇಳಿದಿತ್ತು. ನಾನು ಇದನ್ನು ಗಮನಿಸಿರಲೇ ಇಲ್ಲ. ಡಾಕ್ಟರಿಗೆ ತೋರಿಸಿದಾಗ ಅವರು ಖುಷಿಯಿಂದ ಪುಸ್ತಕ ಕೈಗೆ ತೆಗೆದುಕೊಂಡು, ಆ ದಿನಗಳಿಗೆ ಡೋಸ್ ಹೇಗೆ ಏರಿಸಬೇಕು ಅಂತ ನನಗಲ್ಲ, ಅವಳಿಗೆ ವಿವರಿಸಿದರು. ಬೆಳೆಯುವ ವಯಸ್ಸಿನ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಡೋಸ್ ಜಾಸ್ತಿ ಬೇಕಾಗುವುದು ಸಹಜ, ನಿನ್ನ ತಪ್ಪಲ್ಲ ಅಂತಲೂ ಹೇಳಿದರು. ಅವತ್ತಿನಿಂದ ಆ ಪುಸ್ತಕವನ್ನು ಅವಳು "ನನ್ನ ಪುಸ್ತಕ" ಅನ್ನತೊಡಗಿದಳು.

ಊಟದ ಲೆಕ್ಕ ಕಲಿಸಿದ್ದು ಅವರಪ್ಪ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮನೆಗೆ ಬಂತು. ಜೋಳದ ರೊಟ್ಟಿ ಎಷ್ಟಾದರೂ ತಿನ್ನಬಹುದು, ಶುಗರ್ ಏರುವುದಿಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗುವ ಅಂಶ, ಇರುತ್ತದೆ. ನಮ್ಮ ಮನೆಯ ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಹೋಗುತ್ತದೆ. ಅಂದರೆ 27 ಗ್ರಾಂ ಆಸುಪಾಸು. ಇಷ್ಟು ಗ್ರಾಮಿಗೆ ಇಷ್ಟು ಯೂನಿಟ್ ಅನ್ನುವುದನ್ನು ಡಾಕ್ಟರು ಅವಳಿಗಂತಲೇ ಹಾಕಿಕೊಟ್ಟಿದ್ದಾರೆ. ಅದು ಒಬ್ಬೊಬ್ಬರಿಗೆ ಒಂದೊಂದು, ನಮ್ಮದನ್ನು ಯಾರೂ ತೆಗೆದುಕೊಳ್ಳಬಾರದು. ನಾಗರ ಪಂಚಮಿಗೆ ಅಪ್ಪ ಮಗಳು ಸೇರಿ ಎಲ್ಲ ಉಂಡಿಗಳನ್ನೂ ತೂಗಿದರು. ಶೇಂಗಾ ಉಂಡಿಗೆ ಎಷ್ಟು ಬೆಲ್ಲ, ಬೇಸನ್ ಉಂಡಿಗೆ ಎಷ್ಟು ಸಕ್ಕರೆ, ಅಳತೆಯೆಲ್ಲ ನನ್ನನ್ನು ಕೇಳಿ ಬರೆದುಕೊಂಡರು. ಸಣ್ಣ ಶೇಂಗಾ ಉಂಡಿ ಒಂದಕ್ಕೆ 15 ಗ್ರಾಂ ಅಂತ ಹಿಡಿದೆವು. ನಾಲ್ಕು ವರ್ಷ ಪಂಚಮಿಯ ದಿನ ಅವಳು ಉಂಡಿ ಡಬ್ಬಿಯ ಕಡೆ ನೋಡದಂತೆ ಮಾಡಿದ್ದೆ. ಆ ವರ್ಷ ಲೆಕ್ಕ ಹಾಕಿ, ಸೂಜಿ ಮಾಡಿಕೊಂಡು, ಎಲ್ಲರ ಜೊತೆ ಕೂತು ಒಂದು ಉಂಡಿ ತಿಂದು ಜೋಕಾಲಿ ಆಡಲು ಹೋದಳು.

ಇನ್ನೊಂದು ಗಂಟು ಬಿಚ್ಚುವುದಿತ್ತು. "ಹೆಣ್ಣಹುಡುಗಿ, ನಾಳೆ ಮದುವಿ ಮಾಡೂದೈತಿ, ಯಾರಿಗೂ ಹೇಳಬ್ಯಾಡ" ಅಂತ ಅತ್ತೆ ಮೊದಲಿನಿಂದಲೂ ಹೇಳುತ್ತಿದ್ದರು. ಅವರದು ಪ್ರೀತಿಯೇ. ಆದರೆ ಅದರಿಂದ ಮಗಳು ಶಾಲೆಯ ಶೌಚಾಲಯದಲ್ಲಿ ನಿಂತು ಸೂಜಿ ಮಾಡಿಕೊಳ್ಳುತ್ತಿದ್ದಳು, ಇಲ್ಲವಾದರೆ ಮಧ್ಯಾಹ್ನದ್ದನ್ನು ಬಿಡುತ್ತಿದ್ದಳು. ಮುಚ್ಚಿಡಬೇಕಾದ ಕೆಲಸವನ್ನು ಯಾವ ಮಗು ಜವಾಬ್ದಾರಿಯಿಂದ ಮಾಡುತ್ತದೆ? ನಾನು ಹೋಗಿ ಕ್ಲಾಸ್ ಟೀಚರ್‌ಗೂ ಪಿ.ಟಿ. ಸರ್‌ಗೂ ಹೇಳಿದೆ. ಅವಳು ತನ್ನ ಅಕ್ಷರದಲ್ಲೇ ಒಂದು ಹಾಳೆ ಬರೆದು ಕೊಟ್ಟಳು: ಕೈ ನಡುಗಿದರೆ, ಬೆವತರೆ, ಮಾತು ತೊದಲಿದರೆ ಸಕ್ಕರೆ ಕೊಡಿ. ಎಚ್ಚರ ತಪ್ಪಿದರೆ ಬಾಯಿಗೆ ನೀರನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ, ಅವ್ವನಿಗೆ ಫೋನ್ ಮಾಡಿ.

ಆ ವರ್ಷ ನವೆಂಬರ್ 14ಕ್ಕೆ ಮಕ್ಕಳ ದಿನಾಚರಣೆಯಲ್ಲಿ ಐದು ನಿಮಿಷ ಕೇಳಿಕೊಂಡು ಮಾತಾಡಿದಳು. ಅದೇ ದಿನ ವಿಶ್ವ ಮಧುಮೇಹ ದಿನ. 1891ರಲ್ಲಿ ಅದೇ ತಾರೀಕಿಗೆ ಹುಟ್ಟಿದ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಜೊತೆ 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದದ್ದು, 1922ರ ಜನವರಿಯಲ್ಲಿ ಅದನ್ನು ಮೊದಲು ಕೊಟ್ಟದ್ದು ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಅನ್ನುವುದು, ಅದಕ್ಕೆ ಮೊದಲು ಇಂಥ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ ಅನ್ನುವುದು, ಎಲ್ಲ ಹೇಳಿದಳಂತೆ. "ನನಗೂ ಈಗ ಹದಿನಾಲ್ಕು" ಅಂತ ಮುಗಿಸಿದಳಂತೆ. ಮರುದಿನದಿಂದ ಬೆಂಚಿನ ಮೇಲೆ ಕೂತೇ ಸೂಜಿ ಮಾಡಿಕೊಳ್ಳುತ್ತಾಳೆ. ಅತ್ತೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ತಾಟು ಇಡುವ ಮೊದಲು "ಸೂಜಿ ಮಾಡ್ಕೊಂಡಿಯೇನ ತಂಗಿ?" ಅಂತ ಅವರೇ ಕೇಳುತ್ತಾರೆ.

ಖೋಖೋ ಆಡುವಾಗ ಒಮ್ಮೆ ಸಕ್ಕರೆ 58ಕ್ಕೆ ಇಳಿಯಿತು. 70ಕ್ಕಿಂತ ಕೆಳಗೆ ಹೋದರೆ ತಡ ಮಾಡುವ ಹಾಗಿಲ್ಲ. ಅವಳು ಆಟ ನಿಲ್ಲಿಸಿ, ಕಂಪಾಸ್ ಬಾಕ್ಸಿನಲ್ಲಿಟ್ಟಿದ್ದ 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಕೂತು, ಮತ್ತೆ ಚುಚ್ಚಿ ನೋಡಿದಳು. 84. ಎರಡು ಬಿಸ್ಕೀಟು ತಿಂದು ಕ್ಲಾಸಿಗೆ ಹೋದಳು. ನನಗೆ ಗೊತ್ತಾದದ್ದು ಸಂಜೆ, ಪುಸ್ತಕದಿಂದ. ನನಗೇಕೆ ಫೋನ್ ಮಾಡಲಿಲ್ಲ ಅನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡು, ಚಹಾ ಸೋಸಿದೆ.

ಕೆಲವನ್ನು ಅವಳಿಗೆ ಬಿಟ್ಟಿಲ್ಲ. ಮಷಿನ್‌ಗೆ ಹಾಕುವ ಸ್ಟ್ರಿಪ್ ತಿಂಗಳಿಗೆ 120 ಮತ್ತು ಇನ್ಸುಲಿನ್ ತರಿಸುವುದು ನಮ್ಮ ಕೆಲಸ. ಬೇಸಿಗೆಯಲ್ಲಿ ಬಳಸುವ ಇನ್ಸುಲಿನ್ ಪೆನ್ ತಂಪಾಗಿಡಲು ನೀರಿನ ದೊಡ್ಡ ಗಡಿಗೆಯೊಳಗೆ ಒಂದು ಸಣ್ಣ ಮಣ್ಣಿನ ಗಡಿಗೆ ಇಟ್ಟಿದ್ದೇವೆ, ಅದಕ್ಕೆ ನೀರು ನೋಡುವುದು ಮಾತ್ರ ಅವಳದು. ಜ್ವರ, ವಾಂತಿ ಬಂದರೆ ಎಷ್ಟೇ ಹೊತ್ತಾಗಿರಲಿ ನನ್ನನ್ನು ಎಬ್ಬಿಸಬೇಕು. ಊಟ ಸೇರದಿದ್ದರೂ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಸೇರುವ ಕೀಟೋನ್ ಅನ್ನುವ ಆಮ್ಲ ಎಷ್ಟಿದೆ ಅಂತ ನೋಡಲೇಬೇಕು. ಇದರಲ್ಲಿ ಒಬ್ಬಳೇ ತೀರ್ಮಾನ ಮಾಡುವ ಮಾತೇ ಇಲ್ಲ.

ಮೊನ್ನೆಯ ಎಚ್‌ಬಿಎ1ಸಿ 7.8. ಡಾಕ್ಟರು 7ರ ಒಳಗೆ ತರೋಣ ಅಂದಿದ್ದಾರೆ. ಪುಸ್ತಕ ಈಗ ನೋಡಲು ಚೆಂದ ಇಲ್ಲ. ನೀಲಿ, ಕಪ್ಪು, ಹಸಿರು, ಒಂದು ಕಡೆ ಅರಿಶಿನದ ಕಲೆ. ಹೋದ ಗುರುವಾರದ ಸಾಲು ಹೀಗಿದೆ: "ರಾತ್ರಿ 8, 262. ಗೆಳತಿ ಹುಟ್ಟಿದ ದಿನ. ಕೇಕ್. ಸೂಜಿ ಮರೆತೆ."

ಈಗ ಅವಳು ಹತ್ತನೇ ತರಗತಿ. ಬರುವ ಜೂನ್‌ಗೆ ಧಾರವಾಡದಲ್ಲಿ ಪಿಯುಸಿ, ಹಾಸ್ಟೆಲ್. ಆಟ ಆಡಿದ ದಿನ ಸಕ್ಕರೆ ನಡುರಾತ್ರಿ ಇಳಿಯಬಹುದು, ಅದಕ್ಕೆ ಅಂಥ ದಿನ ಎರಡು ಗಂಟೆಗೆ ಎದ್ದು ಚುಚ್ಚಿ ನೋಡುವುದು ಇಷ್ಟು ವರ್ಷ ನನ್ನ ಕೆಲಸವೇ ಆಗಿತ್ತು. ಅದನ್ನೂ ಕೊಡು ಅಂತ ಕೇಳುತ್ತಿದ್ದಾಳೆ. ವಾರಕ್ಕೆರಡು ರಾತ್ರಿ ಅಲಾರಾಂ ಇಟ್ಟು ಅಭ್ಯಾಸ ನಡೆದಿದೆ. ನಾನು ಕತ್ತಲಲ್ಲಿ ಎಚ್ಚರವಾಗಿಯೇ ಮಲಗಿರುತ್ತೇನೆ. ನಾಲ್ಕು ಸಲದಲ್ಲಿ ಎರಡು ಸಲ ಅವಳು ಎದ್ದಳು, ಎರಡು ಸಲ ಅಲಾರಾಂ ಹೊಡೆದು ಹೊಡೆದು ನಿಂತಿತು, ನಾನೇ ಎದ್ದು ಬೆರಳು ಹಿಡಿದೆ.